ಪುಕ್ಕ ಬಂದ ನೀಲಿ ಕಾರು

"ಈ ಚಳಿಗಾಲದಲ್ಲಿ ನಿನ್ನ ಕಾರಿನ ಮೇಲೆ ಒಂದು ಹನಿ ನೀರು ನಿಂತರೂ ನನ್ನನ್ನು ಜೇನು ಸಾಕುವವನು ಅಂತ ಕರೀಬೇಡ" ಎಂದು ವಿಂಕೊ ತಿಂಡಿಯ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದನು. ಕೈಯಲ್ಲಿ ಬೆಣ್ಣೆ ಸವರಿದ ರೊಟ್ಟಿ ಇತ್ತು. ಇಲ್ಲದಿದ್ದರೆ ಆ ಕೈಯನ್ನು ಎದೆಯ ಮೇಲಿಟ್ಟುಕೊಳ್ಳುತ್ತಿದ್ದನೋ ಏನೋ.

ಅವನ ಹೆಂಡತಿ ದಾರಿಂಕಾ ಕಾಫಿ ಲೋಟದಿಂದ ಮುಖ ಎತ್ತಲಿಲ್ಲ. "ಕರೆಯಲ್ಲ ಬಿಡು. ಆದರೆ ನಾನು ಕೇಳಿದ್ದು ಭಾಷಣ ಅಲ್ಲ ಮಾರಾಯ. ಅಂಗಡಿಗೆ ಹೋಗು, ಚಳಿಗಾಲ ಮುಗಿಯೋವರೆಗೂ ಉಳಿಯೋ ಅಂಥ ಒಂದು ಲೇಪ ತಾ, ಬಳಿ. ಹಿಮ ಬೀಳೋ ಮೊದಲು, ನವೆಂಬರಿನ ಮಾರ್ಟಿನ್ ಹಬ್ಬದೊಳಗೆ ಆಗಬೇಕು."

"ಬಳಿದರೆ ಕಾರಿನ ಬೀಗದ ಕೈ ಕೊಡ್ತೀಯಾ?"

"ಚೆನ್ನಾಗಿ ಬಳಿದರೆ."

ಆ ಬೀಗದ ಕೈಯ ಮಹತ್ವವನ್ನು ಇಲ್ಲಿ ಹೇಳಲೇಬೇಕು. ದಾರಿಂಕಾ ಸ್ಲೊವೇನಿಯಾದ ಆ ದ್ರಾಕ್ಷಿಗುಡ್ಡಗಳ ನಡುವೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸು. ಹಿಮ ಬಿದ್ದರೆ ಗುಡ್ಡದ ರಸ್ತೆಗೆಲ್ಲ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕಾರಿನ ಬಣ್ಣವನ್ನು ಗೆದ್ದಲಿನಂತೆ ತಿನ್ನುತ್ತದೆ. ಅವಳ ಹಳೆಯ ಕಾರು ಹಾಗೆಯೇ ತೂತುಬಿದ್ದು ಸತ್ತಿತ್ತು. ಈಗಿನ ಕಡುನೀಲಿ ಕಾರು ಅವಳು ಬದುಕಿನಲ್ಲಿ ಮೊದಲ ಬಾರಿಗೆ ಹೊಸದಾಗಿ ಕೊಂಡದ್ದು. ಅದರಲ್ಲಿ ಕೂರಬೇಕಾದರೆ ವಿಂಕೊ ಹೊಸಿಲ ಮೇಲೆಯೇ ಬೂಟು ಒರೆಸಿಕೊಳ್ಳಬೇಕಿತ್ತು. ಓಡಿಸುವ ಮಾತಂತೂ ಕನಸಿನಲ್ಲಿ ಮಾತ್ರ.

ವಿಂಕೊನಿಗೂ ಒಂದು ವ್ಯಾನು ಇತ್ತು. ಆದರೆ ಅದರ ವಾಸನೆ ಹೊಗೆ, ಮೇಣ, ಒದ್ದೆ ಚೀಲಗಳದು. ಅದರ ಸದ್ದು ಕೆಮ್ಮುವ ಮುದುಕನದು. ಇದೇ ವರ್ಷ ಡಿಸೆಂಬರಿನಲ್ಲಿ, ಜೇನು ಸಾಕುವವರ ಕುಲದೈವವಾದ ಸಂತ ಆಂಬ್ರೋಸನ ದಿನ, ಪಟ್ಟಣದ ಜೇನುಗಾರರ ಸಂಘ ವಿಂಕೊನಿಗೆ ಸನ್ಮಾನ ಮಾಡುವುದೆಂದು ತೀರ್ಮಾನಿಸಿತ್ತು. ಸನ್ಮಾನಕ್ಕೆ ಹೋಗುವವನು ಕೆಮ್ಮುವ ವ್ಯಾನಿನಿಂದ ಇಳಿಯುವುದೇ? ನೀಲಿ ಕಾರಿನ ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು, ಸ್ವಲ್ಪ ತಡೆದು, ಆಮೇಲೆ ಇನ್ನೊಂದು ಕಾಲು ಇಡುವುದನ್ನು ಅವನು ಮನಸ್ಸಿನಲ್ಲೇ ಎಷ್ಟೋ ಸಲ ಅಭ್ಯಾಸ ಮಾಡಿದ್ದನು.

ಸನ್ಮಾನವೆಂದರೆ ಶಾಲು ಹಾರವಲ್ಲ. ಅಲ್ಲಿ ಕೊಡುವುದು ಜೇನುಪೆಟ್ಟಿಗೆಗೆ ಹೊಂದುವ, ಚಿತ್ರ ಬರೆದ ಮುಂಭಾಗದ ಹಲಗೆ. ತಾತಮುತ್ತಾತಂದಿರ ಕಾಲದಿಂದಲೂ ಆ ಸೀಮೆಯ ಪೆಟ್ಟಿಗೆಗಳ ಹಣೆಯ ಮೇಲೆ ಸಂತರ ಚಿತ್ರವಿರುತ್ತದೆ; ಇಲ್ಲವೆ ಊರಿನ ಯಾವನೋ ಪೆದ್ದನ ಫಜೀತಿಯ ಚಿತ್ರವಿರುತ್ತದೆ. ಪೆಟ್ಟಿಗೆಗಳನ್ನು ಜೋಡಿಸಿಟ್ಟ ವಿಂಕೊನ ಜೇನುಮನೆಯಲ್ಲೇ ಅಂಥದೊಂದಿತ್ತು: ಮೇಕೆಯ ಮೇಲೆ ಹಿಂದುಮುಂದಾಗಿ ಕೂತು ಮಾರುಕಟ್ಟೆಗೆ ಹೊರಟಿರುವ ದರ್ಜಿ. ಆ ದರ್ಜಿ ಯಾರೆಂದು ಊರು ಮರೆತಿದ್ದರೂ ನಗುವುದನ್ನು ಮರೆತಿರಲಿಲ್ಲ.

ಈ ಸಲದ ಹಲಗೆ ಬರೆಯುವವನು ಪಕ್ಕದ ಮನೆಯ ಲುದ್ವಿಕ್. ಅಂಗಡಿಗಳ ಬೋರ್ಡು ಬರೆದು ನಿವೃತ್ತನಾದವನು. ವಿಂಕೊ ಬೇಲಿಯಾಚೆಯಿಂದಲೇ ಅವನಿಗೆ ಆಜ್ಞೆ ಕೊಟ್ಟಿದ್ದನು. "ಮಧ್ಯದಲ್ಲಿ ಸಂತ ಆಂಬ್ರೋಸ್. ಪಕ್ಕದಲ್ಲಿ ನಾನು. ಸಂತನಿಗಿಂತ ಎತ್ತರ ಬೇಡ."

"ಒಂದೇ ಎತ್ತರ ಸಾಕಾ?" ಎಂದು ಲುದ್ವಿಕ್ ವಿನಯದಿಂದ ಕೇಳಿದ್ದನು.

"ಸಾಕು, ಸಾಕು."

ಅಂತೂ ವಿಂಕೊ ಅಂಗಡಿಗೆ ಹೋದನು. ಕೌಂಟರಿನ ಹಿಂದಿದ್ದ ಹೆಂಗಸು ಮೂರು ಡಬ್ಬಿ ಇಟ್ಟಳು. "ಇದು ಮೇಣ. ಹೊಳಪು ಅಂದರೆ ಹೊಳಪು, ಆದರೆ ಉಪ್ಪುನೀರಿಗೆ ತಾಳಲ್ಲ, ಹೊಸವರ್ಷದ ಹೊತ್ತಿಗೆ ಮಾಯ. ಇದು ಸೀಲೆಂಟ್, ಕಾರ್ಖಾನೆಯ ಲೇಪ. ಹೊಳಪು ಸ್ವಲ್ಪ ಕಮ್ಮಿ, ಆದರೆ ವಸಂತದವರೆಗೂ ಕೂತಿರುತ್ತೆ. ಇದು ಸಿರಾಮಿಕ್. ಎಲ್ಲಕ್ಕಿಂತ ಹೆಚ್ಚು ಬಾಳುತ್ತೆ, ಆದರೆ ಬಣ್ಣವನ್ನು ಮೊದಲು ಪಾಲಿಶ್ ಮಾಡಿ, ಮುಚ್ಚಿದ ಜಾಗದಲ್ಲಿ ಧೂಳು ಬೀಳದ ಹಾಗೆ ಹಚ್ಚಬೇಕು. ನಿಮಗೆ ತಾಳ್ಮೆ ಇದೆಯಾ?"

"ನಾನು ಜೇನು ಸಾಕ್ತೀನಿ ತಾಯಿ."

"ಹಾಗಾದರೆ ಸೀಲೆಂಟೇ ತಗೊಳ್ಳಿ. ಯಾವುದಾದರೂ ಸರಿ, ಕಾರು ತೊಳೆದು ಒಣಗಿಸಿ, ನೆರಳಲ್ಲಿ ಹಚ್ಚಿ. ಬಿಸಿಲಲ್ಲಿ ಬೇಡ."

ವಿಂಕೊನ ಕಿವಿಗೆ ಈ ಕೊನೆಯ ಮಾತು ಬೀಳಲಿಲ್ಲ. ಅವನ ಕಣ್ಣು ಮೊದಲನೆಯ ಡಬ್ಬಿಯ ಸಣ್ಣಕ್ಷರಗಳ ಮೇಲೆ ನೆಟ್ಟಿತ್ತು. ಆ ಮೇಣ ತಾಳೆಜಾತಿಯ ಮರದ ಎಲೆಯದಂತೆ. ಬ್ರೆಜಿಲಿನಿಂದ ಬಂದದ್ದಂತೆ. ಅವನ ಕೊರಳ ನರ ಉಬ್ಬಿತು.

"ನಮ್ಮ ಸೀಮೆಯಲ್ಲಿ ಮನುಷ್ಯರಿಗಿಂತ ಜೇನು ಹೆಚ್ಚು. ನಮ್ಮ ಮೇಣ ಚರ್ಚಿನಲ್ಲಿ ದೀಪವಾಗಿ ಉರಿಯುತ್ತೆ. ಕಾರಿಗೆ ಮಾತ್ರ ಸಮುದ್ರದಾಚೆಯ ಎಲೆಯೇ?"

"ಎಲೆ ಬೇಡ ಅಂತಲೇ ನಾನೂ ಹೇಳಿದ್ದು" ಎಂದಳು ಅವಳು. ಅಷ್ಟರಲ್ಲಿ ಅವನು ಬಾಗಿಲು ದಾಟಿಯಾಗಿತ್ತು.

ಅವನ ತರ್ಕ ಹುಚ್ಚಿನದೇನೂ ಅಲ್ಲ. ಪೆಟ್ಟಿಗೆಗಳ ಚಿತ್ರಹಲಗೆಗಳಿಗೆ ಬಳಿಯಲು ಅವನ ತಾತ ಕಂಡುಹಿಡಿದ ಒಂದು ಲೇಪವಿತ್ತು. ಜೇನುಮೇಣ, ಟರ್ಪೆಂಟೈನ್, ಜೊತೆಗೆ ಜೇನಂಟು, ಅಂದರೆ ಹುಳುಗಳು ಮರದ ಮೊಗ್ಗುಗಳಿಂದ ಅಂಟು ತಂದು ಗೂಡಿನ ಬಿರುಕು ಮುಚ್ಚುವ ಆ ಕಂದು ಸರಕು. ಮೇಕೆಯ ಮೇಲಿನ ದರ್ಜಿ ಅದೆಷ್ಟೋ ಚಳಿಗಾಲ ಮಳೆಯಲ್ಲಿ, ಹಿಮದಲ್ಲಿ ನೆನೆದರೂ ಅವನ ಕೆಂಪು ಟೋಪಿ ಮಾಸಿರಲಿಲ್ಲ. ದರ್ಜಿಯ ಟೋಪಿ ಉಳಿಸಿದ್ದು ಕಾರಿನ ಬಾನೆಟ್ ಉಳಿಸದೆ? ಹಲಗೆ ಮರದ್ದು, ಲೇಪವನ್ನು ಕುಡಿಯುತ್ತದೆ. ಕಾರಿನ ತಗಡು ಕುಡಿಯುವುದಿಲ್ಲ. ಈ ಒಂದು ಸಣ್ಣ ವ್ಯತ್ಯಾಸ ಮಾತ್ರ ವಿಂಕೊನ ಮಹಾಬುದ್ಧಿಗೆ ಹೊಳೆಯಲಿಲ್ಲ.

ಮಾರ್ಟಿನ್ ಹಬ್ಬದ ಬೆಳಿಗ್ಗೆ ಅವನು ಎಲ್ಲ ಪುಣ್ಯಕಾರ್ಯಗಳನ್ನೂ ಒಟ್ಟಿಗೆ ಮುಗಿಸಿಬಿಡುವ ಹುಮ್ಮಸ್ಸಿನಲ್ಲಿದ್ದನು. ವ್ಯಾನಿಗೆ ಹಿಮದಲ್ಲಿ ಜಾರದ ಚಳಿಗಾಲದ ಚಕ್ರ ಹಾಕಲೆಂದು ನಾಲ್ಕೂ ಚಕ್ರ ಬಿಚ್ಚಿ ಅದನ್ನು ಇಟ್ಟಿಗೆಗಳ ಮೇಲೆ ಕೂರಿಸಿದನು. ಆಮೇಲೆ ಶೆಡ್ಡಿನಲ್ಲಿ ನೀಲಿ ಕಾರು ತೊಳೆದು, ಬೆಚ್ಚಗೆ ಕರಗಿಸಿದ ಲೇಪವನ್ನು ಬಟ್ಟೆಯಲ್ಲಿ ಅದ್ದಿ ಛಾವಣಿಯಿಂದ ಬಂಪರಿನವರೆಗೆ ಬಳಿದನು. ಜೇನಂಟನ್ನು ತಾತ ಚಿಟಿಕೆ ಹಾಕುತ್ತಿದ್ದ ಕಡೆ ಇವನು ಬೊಗಸೆ ಹಾಕಿದ್ದನು. ಕಾರು ಹಲಗೆಗಿಂತ ದೊಡ್ಡದಲ್ಲವೆ!

ದಾರಿಂಕಾ ಬಂದು ನೋಡಿದಳು. ಕಾರು ನಿಜವಾಗಿಯೂ ಹೊಳೆಯುತ್ತಿತ್ತು. ಮೂಗು ಅರಳಿಸಿದಳು. "ಚರ್ಚಿನ ವಾಸನೆ ಬರ್ತಿದೆಯಲ್ಲ?"

"ಉತ್ತಮ ದರ್ಜೆಯ ಸೀಲೆಂಟಿನ ಲಕ್ಷಣ ಅದು."

"ಯಾವ ಕಂಪನಿದು?"

"ಹಳೇ ಕಂಪನಿ" ಎಂದನು ವಿಂಕೊ. ಅದು ಸುಳ್ಳೂ ಅಲ್ಲ.

"ವಿಂಕೊ, ಇದು ನಾನು ಅನ್ನ ದುಡಿಯೋ ಕಾರು. ಅದರ ಬಣ್ಣದ ಮೇಲೆ ಒಂದು ಗೀರು ಕಂಡರೂ ನೀನು ವಸಂತದವರೆಗೆ ಜೇನುಮನೆಯಲ್ಲೇ ಮಲಗ್ತೀಯ" ಎಂದು ಹೇಳಿ ಅವಳು ಅಂಗಳದ ಮೂಲೆಗೆ ಹೋಗಿ, ಹಬ್ಬದ ಬಾತುಕೋಳಿಯ ಪುಕ್ಕ ಕೀಳಲು ಕೂತಳು. ಮೈಪುಕ್ಕವೆಲ್ಲ ದಿಂಬಿಗಾಗಿ ಪಕ್ಕದ ಚೀಲದೊಳಕ್ಕೆ ಹೋಗುತ್ತಿತ್ತು.

ಲೇಪ ಬೇಗ ಒಣಗಲೆಂದು ವಿಂಕೊ ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿ, ಚೆನ್ನಾಗಿ ಬಿಸಿಲು ಬೀಳುವ ಜಾಗ ನೋಡಿ ನಿಲ್ಲಿಸಿದನು. ಆ ಜಾಗ ಜೇನುಮನೆಯ ಎದುರಿಗೇ ಇತ್ತು.

ಅಂದು ತೆಂಕಣ ಗಾಳಿ ಬೀಸಿ, ನವೆಂಬರಿನಲ್ಲೂ ಕೋಟು ತೆಗೆಯುವಷ್ಟು ಬೆಚ್ಚಗಿತ್ತು. ಕಡುನೀಲಿ ತಗಡು ಕಾದಿತು. ಲೇಪ ಒಣಗುವ ಬದಲು ಬೆಲ್ಲದ ಪಾಕದಂತೆ ಸಡಿಲವಾಯಿತು. ಇತ್ತ ಚಳಿಗೆ ಮುದುಡಿ ಕೂತಿದ್ದ ಹುಳುಗಳು ಬಿಸಿಲಿಗೆ ಹೊರಬಂದು ನೋಡಿದರೆ, ಬಿರುಕು ಮುಚ್ಚಲು ಬೇಕಾದ ಅಂಟು, ಮೊಗ್ಗು ಹುಡುಕುವ ಕಷ್ಟವೇ ಇಲ್ಲದೆ, ಬಾಗಿಲ ಮುಂದೆ ಒಂದು ಕಾರಿನಷ್ಟು ಬಿದ್ದಿದೆ. ಮೊದಲು ಒಂದು ಬಂತು. ಅದು ಹೋಗಿ ಮನೆಯವರಿಗೆಲ್ಲ ಹೇಳಿತು. ಸ್ವಲ್ಪ ಹೊತ್ತಿನಲ್ಲಿ ಬಾನೆಟ್ಟು ಗುಂಯ್‌ಗುಡುತ್ತಿತ್ತು.

"ವಿಂಕೊ, ಅದೇನು ಸದ್ದು?" ದಾರಿಂಕಾ ಮೂಲೆಯಿಂದ ಕೇಳಿದಳು.

"ಎಂಜಿನ್ ಬಿಸಿಯಾಗ್ತಿದೆ."

"ಎಂಜಿನ್ ಆಫ್ ಆಗಿದೆಯಲ್ಲ?"

ವಿಂಕೊ ಆಗಲೇ ಕಾರಿನ ಬಳಿಗೆ ಓಡಿದ್ದನು. ಕೆಲವು ಹುಳುಗಳ ಕಾಲು ಅಂಟಿಕೊಂಡಿತ್ತು. ಬೆರಳ ತುದಿಯಿಂದ ಒಂದೊಂದನ್ನೇ ಬಿಡಿಸಿದನು. ಉಳಿದವನ್ನು ಓಡಿಸಲು, ಜೇನು ತೆಗೆಯುವಾಗ ಬಳಸುವ ತನ್ನ ಹೊಗೆಡಬ್ಬಿ ತಂದು ಕಾರಿನ ಸುತ್ತ ಭರಭರನೆ ಹೊಗೆ ಊದಿದನು. ಹುಳುಗಳು ಮನೆ ಸೇರಿದವು. ಆದರೆ ಹೊಗೆಯ ಮಸಿ ಕಾರಿನ ಮೇಲೆಯೇ ಉಳಿದು, ನೀಲಿ ಕಾರು ಅಡುಗೆಮನೆಯ ಹಳೆಯ ಬಾಣಲೆಯ ಬಣ್ಣಕ್ಕೆ ತಿರುಗಿತು.

ಹೊಗೆ ಕಂಡ ದಾರಿಂಕಾ ಕಾರಿಗೆ ಬೆಂಕಿ ಬಿತ್ತೆಂದೇ ತಿಳಿದಳು. ಬಾತುಕೋಳಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಎದ್ದು ಓಡಿದಳು. ಕಾಲಿಗೆ ಚೀಲ ಸಿಕ್ಕಿತು. ಚೀಲ ಮಗುಚಿತು. ಅದೇ ಗಳಿಗೆಗೆ ಕಾದಿದ್ದಂತೆ ತೆಂಕಣ ಗಾಳಿ ಒಮ್ಮೆ ಉಸಿರೆಳೆದು ಬಿಟ್ಟಿತು.

ಒಂದು ಇಡೀ ಬಾತುಕೋಳಿಯ ಮೈಪುಕ್ಕ ಮೇಲೆದ್ದು, ಅಂಗಳದ ನೆತ್ತಿಯಲ್ಲಿ ಬೆಳ್ಳಗೆ ಒಂದು ಸುತ್ತು ಹೊಡೆದು, ಕಾರಿನ ಮೇಲೆ ಮೆತ್ತಗೆ ಇಳಿಯಿತು. ಇಳಿದದ್ದು ಮತ್ತೆ ಏಳಲಿಲ್ಲ.

ವಿಂಕೊ ಒಂದು ಪುಕ್ಕವನ್ನು ಕೀಳಲು ನೋಡಿದನು. ಅದು ಬೆರಳಿಗೂ ಕಾರಿಗೂ ಒಟ್ಟಿಗೆ ಅಂಟಿಕೊಂಡಿತು.

"ಹಳೇ ಕಂಪನಿ" ಎಂದಳು ದಾರಿಂಕಾ, ನಿಧಾನವಾಗಿ. "ನಿಮ್ಮ ತಾತನ ಕಂಪನಿ."

"ಹಿಡಿತ ನೋಡು ಮಾತ್ರ" ಎಂದನು ವಿಂಕೊ. ಹೇಳಬಾರದಿತ್ತು.

ಆಗಲೇ ಅವಳ ಫೋನು ರಿಂಗಣಿಸಿತು. ಗುಡ್ಡದ ಮೇಲಿನ ಅಜ್ಜಿ ತೆರೇಜಿಯಾಳಿಗೆ ಉಸಿರು ಕಟ್ಟುತ್ತಿದೆ, ಕೂಡಲೇ ಬರಬೇಕು. ದಾರಿಂಕಾ ವ್ಯಾನಿನ ಕಡೆ ತಿರುಗಿದಳು. ವ್ಯಾನು ಇಟ್ಟಿಗೆಗಳ ಮೇಲೆ ಕೂತು, ತನಗೇನೂ ಸಂಬಂಧವಿಲ್ಲವೆಂಬಂತೆ ಆಕಾಶ ನೋಡುತ್ತಿತ್ತು. ಲುದ್ವಿಕ್ ಆಗಲೇ ಕಾರು ತೆಗೆದುಕೊಂಡು ಹಬ್ಬಕ್ಕೆ ಹೋಗಿದ್ದನು. ಅವಳು ಬಾತುಕೋಳಿಯನ್ನು ಗಂಡನ ಕೈಗೆ ತುರುಕಿ, ಮುಂದಿನ ಗಾಜನ್ನು ಬ್ಲೇಡಿನಿಂದ ಕೆರೆದು, ಔಷಧದ ಚೀಲ ಒಳಗೆಸೆದು ಹೊರಟೇಬಿಟ್ಟಳು.

ಅಂದು ಮಾರ್ಟಿನ್ ಹಬ್ಬ. ಹೊಸ ದ್ರಾಕ್ಷಿರಸ ವೈನಾಗುವ ದಿನ. ಪಾದ್ರಿ ಹೊಸ ರಸಕ್ಕೆ ಆಶೀರ್ವಾದ ಮಾಡುವುದನ್ನು ನೋಡಲು ಇಡೀ ಊರು ಲೋಟ ಹಿಡಿದು ಚರ್ಚಿನ ಮುಂದೆ ನಿಂತಿತ್ತು. ಗುಡ್ಡಕ್ಕೆ ಹೋಗುವ ದಾರಿ ಅದೊಂದೇ. ಬಾತುಕೋಳಿ ತಿನ್ನಲು ಹಸಿದು ನಿಂತ ಊರಿನ ನಡುವೆ, ಮೈತುಂಬ ಪುಕ್ಕ ಹೊತ್ತ ಕಾರು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಯಾರೋ ಲೋಟ ಎತ್ತಿದರು. ಎಲ್ಲರೂ ಎತ್ತಿದರು. ಪಾದ್ರಿ ಎತ್ತಿದ ಕೈ ಇಳಿಸಲಾಗದೆ ಕಾರಿಗೂ ಒಂದು ಆಶೀರ್ವಾದ ಮಾಡಿಬಿಟ್ಟರೆಂದು ಊರವರು ಇಂದಿಗೂ ಹೇಳುತ್ತಾರೆ.

ಕತ್ತಲಾಗುವ ಮುಂಚೆ ದಾರಿಂಕಾ ಮರಳಿದಳು. ವಿಂಕೊ ಕೆಂಪು ಕೋಸು ಬೇಯಿಸಿ, ಬಾತುಕೋಳಿ ಹುರಿದು, ತಟ್ಟೆ ಜೋಡಿಸಿ, ಶಾಲೆಯ ಹುಡುಗನಂತೆ ಮೂಲೆಯಲ್ಲಿ ನಿಂತಿದ್ದನು.

"ಅಜ್ಜಿ ಹೇಗಿದ್ದಾಳೆ?"

"ಕಿಟಕಿಯಿಂದ ಕಾರು ನೋಡಿದಳು. 'ನರ್ಸನ್ನು ಕರೆದರೆ ಊಟವನ್ನೇ ಕಳಿಸಿದ್ದಾರಲ್ಲೇ' ಅಂದಳು. ನಗ್ತಾ ನಗ್ತಾ ಕೆಮ್ಮಿ, ಕಫ ಕಿತ್ತು, ಉಸಿರು ಸರಿಹೋಯ್ತು."

"ನೋಡಿದೆಯಾ? ಔಷಧದ ಗುಣವೂ ಇದೆ."

ದಾರಿಂಕಾ ಕಂಬಳಿ ತಂದು ಅವನ ಕೈಗಿತ್ತು, ಜೇನುಮನೆಯ ಕಡೆ ಬೆರಳು ತೋರಿಸಿದಳು. ಬೀಗದ ಕೈಯನ್ನು ಅವನ ಕಣ್ಣೆದುರಿಗೇ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಮರುದಿನ ಲುದ್ವಿಕ್ ಬೇಲಿಯ ಬಳಿ ಬಂದು ನಿಂತನು. ಕಾರನ್ನು ಎಲ್ಲ ದಿಕ್ಕಿನಿಂದಲೂ, ಕಣ್ಣು ಕಿರಿದು ಮಾಡಿ, ನಿಧಾನವಾಗಿ ನೋಡಿದನು. "ಇದನ್ನ ತೆಗೆಯೋದು ಹೇಗಯ್ಯಾ?"

"ತೆಗೆಯೋಕಾಗಲ್ಲ. ಅದೇ ಇದರ ಹೆಚ್ಚುಗಾರಿಕೆ" ಎಂದನು ವಿಂಕೊ, ಬಹಳ ಸಣ್ಣ ದನಿಯಲ್ಲಿ.

ಕೊನೆಗೆ ಇಬ್ಬರೂ ಕಾರನ್ನು ಲುದ್ವಿಕ್‌ನ ಗ್ಯಾರೇಜಿಗೆ ತಳ್ಳಿ, ಬಿಸಿನೀರಿನ ಬಟ್ಟೆ ಹಾಕಿ ಮೇಣ ಮೆತ್ತಗೆ ಮಾಡಿ, ಅಂಟು ಕರಗಿಸುವ ದ್ರವದಿಂದ ಅಂಗೈಯಗಲ ಅಂಗೈಯಗಲ ಒರೆಸುತ್ತ ಬಂದರು. ವಾರವೆಲ್ಲ ಅದೇ ಕೆಲಸ. ಕನ್ನಡಿಯ ಸಂದಿಯಲ್ಲಿ, ಬಾಗಿಲ ಹಿಡಿಯ ಕೆಳಗೆ ಪುಕ್ಕಗಳು ಸಿಕ್ಕುತ್ತಲೇ ಇದ್ದವು. ಎಲ್ಲ ಒರೆಸಿದ ಮೇಲೆ ದಾರಿಂಕಾ ಟಾರ್ಚು ಹಿಡಿದು, ರೋಗಿಯ ಗಂಟಲು ನೋಡುವಷ್ಟು ಶ್ರದ್ಧೆಯಿಂದ ಬಣ್ಣ ಪರೀಕ್ಷಿಸಿದಳು. ಗೀರು ಇರಲಿಲ್ಲ.

ಅವನು ಅಂಗಡಿಗೆ ಹೋಗಿ ಕೌಂಟರಿನ ಹೆಂಗಸಿನ ಮುಖ ನೋಡದೆ ಎರಡನೆಯ ಡಬ್ಬಿಗೆ ಬೆರಳು ತೋರಿಸಿದನು. ಅವಳು ಡಬ್ಬಿ ಕಟ್ಟಿಕೊಡುವಾಗ "ನೆರಳಲ್ಲಿ" ಎಂದಳು, ಅಷ್ಟೇ. ಅವನು ನೆರಳಲ್ಲೇ ಹಚ್ಚಿದನು. ಮೊದಲ ಹಿಮ ಬಿತ್ತು, ರಸ್ತೆಗೆ ಉಪ್ಪು ಬಿತ್ತು. ಕಾರಿನ ಮೇಲೆ ಬಿದ್ದ ನೀರು ಮಣಿಮಣಿಯಾಗಿ ಉರುಳಿ ಕೆಳಗೆ ಹೋಯಿತು.

ಆಂಬ್ರೋಸನ ದಿನ ಬೆಳಿಗ್ಗೆ ದಾರಿಂಕಾ ಬೀಗದ ಕೈಯನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ವಿಂಕೊನ ಕಣ್ಣು ತೇವವಾಯಿತು. ಸಭೆಯ ಬಾಗಿಲಲ್ಲಿ ಅವನು ಅಭ್ಯಾಸ ಮಾಡಿದಂತೆಯೇ ಒಂದು ಕಾಲು ಹೊರಗಿಟ್ಟು, ತಡೆದು, ಇನ್ನೊಂದು ಕಾಲು ಇಟ್ಟನು. ಜನ ಕಾರನ್ನೇ ನೋಡುತ್ತಿದ್ದರು. ಪುಕ್ಕ ಎಲ್ಲಿ ಹೋಯಿತೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ಸನ್ಮಾನದ ಹಲಗೆಯ ಮೇಲಿನ ಬಟ್ಟೆಯನ್ನು ಲುದ್ವಿಕ್ ಸರಿಸಿದನು. ಅದರಲ್ಲಿ ಸಂತ ಆಂಬ್ರೋಸ್ ಇದ್ದನು, ನಿಜ. ಆದರೆ ಮೋಡದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದನು. ಕೆಳಗೆ ಪುಕ್ಕ ಬಂದ ಒಂದು ಕಾರು. ಪಕ್ಕದಲ್ಲಿ ಹೊಗೆಡಬ್ಬಿ ಹಿಡಿದು ಬಾಯಿ ತೆರೆದು ನಿಂತ ವಿಂಕೊ. ಮಾತು ಕೊಟ್ಟಂತೆ ಸಂತನೂ ಅವನೂ ಒಂದೇ ಎತ್ತರ. ಸಭೆ ಕುರ್ಚಿ ಕುಟ್ಟಿ ನಕ್ಕಿತು.

"ಬರೆಸಿದ್ದು ಯಾರು?" ಎಂದು ವಿಂಕೊ ಕೇಳಿದನು.

"ನಾನೇ" ಎಂದಳು ದಾರಿಂಕಾ. "ದರ್ಜಿಯ ಪಕ್ಕದಲ್ಲೇ ಹಾಕು."

"ಹೊರಗಡೆ ಮಳೆ, ಹಿಮ. ಪಾಪ, ಲುದ್ವಿಕ್ ಇಷ್ಟು ಕಷ್ಟಪಟ್ಟು ಬರೆದಿದ್ದಾನೆ. ಬಣ್ಣ ಹಾಳಾಗಲ್ವಾ?"

"ನಿಮ್ಮ ತಾತನ ಲೇಪ ಮಿಕ್ಕಿದೆಯಲ್ಲ, ಅದನ್ನೇ ಬಳಿ" ಎಂದಳು ಅವಳು. "ಹಿಡಿತ ನೋಡು ಮಾತ್ರ."

ವಿಂಕೊ ತನ್ನ ಕೈಯಾರೆ ಬಳಿದು ತೂಗುಹಾಕಿದನು. ಚಳಿಗಾಲವೆಲ್ಲ ಮಳೆ ಬಂದಾಗಲೊಮ್ಮೆ, ಹಿಮ ಬಿದ್ದಾಗಲೊಮ್ಮೆ, ಚಿತ್ರ ಮಾಸಿತೇನೋ ಎಂಬ ಆಸೆಯಿಂದ ಹೋಗಿ ನೋಡಿದನು. ವಸಂತ ಬಂದು ಹುಳುಗಳು ಹೊರಬಿದ್ದವು. ಹಲಗೆಯ ಮೇಲೆ ಒಂದೇ ಒಂದು ಪುಕ್ಕದ ಬಣ್ಣವೂ ಮಾಸಿರಲಿಲ್ಲ.