ಊಟದ ಮೇಜಿನ ಮೇಲೆ ವಸಂತ

ಅಂದು ಬೆಳಿಗ್ಗೆ ಗೋಂದು ಒಣಗಲಿಲ್ಲ. ಆಮೇಲೆ ನಡೆದ ರಾದ್ಧಾಂತಕ್ಕೆಲ್ಲ ಅದೇ ಕಾರಣ.

ಗೋಂದು ಹಚ್ಚಿದವರು ಗಡಿಯಾರ ರಿಪೇರಿಯವರು. ಜನರ ಗಡಿಯಾರಗಳು ಅವರ ಅಂಗಡಿಯಲ್ಲಿ ತಿಂಗಳುಗಟ್ಟಲೆ ಮಲಗಿರುತ್ತಿದ್ದವು. ಆದರೆ ಮನೆಯ ಊಟದ ಮೇಜಿನ ಮೇಲೆ ಅವರು ಕಟ್ಟಿದ್ದ ಪುಟಾಣಿ ರೈಲು ಮಾತ್ರ ಒಂದು ದಿನವೂ ತಡವಾಗಿ ಹೊರಟದ್ದಿಲ್ಲ. ಮೇಜಿನಗಲ ಹಲಗೆ, ಹಲಗೆಯ ತುಂಬ ಹಳಿ, ನಡುವೆ ಸುರಂಗ, ಬೆಂಕಿಪೊಟ್ಟಣದಷ್ಟು ನಿಲ್ದಾಣ, ಅದರ ಮುಂದೆ ಕಡಲೆಕಾಳಿನಷ್ಟು ಸ್ಟೇಷನ್ ಮಾಸ್ತರು. ಗಂಡ ಹೆಂಡತಿ ಇಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಈ ಸಲ ಮಾದರಿ ರೈಲು ಸಂಘದವರು ವಸಂತಕಾಲದ ದೃಶ್ಯಕ್ಕೆ ಬಹುಮಾನ ಇಟ್ಟಿದ್ದರು. ತೀರ್ಪುಗಾರರೇ ಮನೆಮನೆಗೆ ಬಂದು ನೋಡುವ ಏರ್ಪಾಡು. ಅವರು ಬರುವ ದಿನ ಹೆಂಡತಿ ಖಡಾಖಂಡಿತವಾಗಿ ಹೇಳಿದರು:

"ರೀ, ಬಹುಮಾನ ನಿಮಗೆ ಬಂದ್ರೆ ಮೇಜು ನಿಮ್ದು, ನಾನು ಇನ್ನು ಉಸಿರೆತ್ತಲ್ಲ. ಬರಲಿಲ್ವೋ, ಇವತ್ತು ರಾತ್ರಿ ಊಟ ಮೇಜಿನ ಮೇಲೆ. ನಿಮ್ಮ ರೈಲು ಎಲ್ಲಿಗಾದ್ರೂ ಹೋಗ್ಲಿ."

"ಬರದೆ ಎಲ್ಲಿ ಹೋಗುತ್ತೆ? ನೋಡ್ತಾ ಇರು!" ಎಂದು ಗಡಿಯಾರದವರು ಎದೆಯುಬ್ಬಿಸಿದರು.

ಉಬ್ಬಿಸುವುದಕ್ಕೆ ಕಾರಣವೂ ಇತ್ತು. ಹಳೆಯ ಸ್ಪಂಜನ್ನು ಹೆಂಡತಿಯ ಮಿಕ್ಸಿಯಲ್ಲಿ ಪುಡಿಮಾಡಿ, ಹಸಿರು ಬಣ್ಣ ಕಲಸಿ, ಟೀ ಸೋಸುವ ಜರಡಿಯಿಂದ ಉದುರಿಸಿ ಹುಲ್ಲು ಬೆಳೆಸಿದ್ದರು. ಮರುದಿನ ಅಡುಗೆಯೂ ಹಸಿರಾಗಿ ಬಂದಿತ್ತು, ಆ ಮಾತು ಬೇರೆ. ತಾಮ್ರದ ತಂತಿ ಹೊಸೆದು ಮರ ಮಾಡಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಹಿಡಿದು, ಗುಲಾಬಿ ಬಣ್ಣದ ಹೂಗಳನ್ನು ಒಂದೊಂದಾಗಿ ಕೊಂಬೆಗೆ ಅಂಟಿಸಿದ್ದರು. ಒಂದೇ ಒಂದು ಹೂ ಸೊಟ್ಟಗಿರಲಿಲ್ಲ. ಇಷ್ಟು ಶಿಸ್ತಾಗಿ ಅರಳುವುದು ನಿಜವಾದ ಮರಕ್ಕೂ ಸಾಧ್ಯವಿರಲಿಲ್ಲ.

ಮೊದಲು ನೋಡಲು ಬಂದವರು ಮೇಲಿನ ಮಹಡಿಯ ಟೀಚರಮ್ಮ. ನಿವೃತ್ತಿಯಾದ ಮೇಲೆ ತಿದ್ದುವುದಕ್ಕೆ ಮಕ್ಕಳಿಲ್ಲದೆ ಅವರು ನೆರೆಹೊರೆಯವರನ್ನೇ ತಿದ್ದುತ್ತಿದ್ದರು. ಒಂದು ಮರವನ್ನು ಮುಟ್ಟಿದರು. ಹೂವೊಂದು ಬೆರಳಿಗೆ ಅಂಟಿಕೊಂಡು ಬಂತು.

"ಅಯ್ಯೋ, ಇನ್ನೂ ಹಸಿ! ಮೋಡ ಬೇರೆ ಕವಿದಿದೆ. ಇದು ಯಾವಾಗ ಒಣಗೋದು?"

ಗಡಿಯಾರದವರು ಬಾಯಿ ತೆರೆಯುವ ಮೊದಲೇ ಆಕೆ ಮೆಟ್ಟಿಲ ಬಳಿ ನಿಂತು ಕೆಳಗಿನ ಸಲೂನಿಗೆ ಕೂಗು ಹಾಕಿದರು. ಸಲೂನಿನವನು ಕೂದಲು ಒಣಗಿಸುವ ಡ್ರೈಯರ್ ಹಿಡಿದು ಓಡಿಬಂದ. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿಯೂ ನೊರೆಯ ಮುಖದಲ್ಲೇ ಹಿಂಬಾಲಿಸಿದ.

"ಬೇಡಪ್ಪಾ, ಬೇಡ" ಎಂದರು ಗಡಿಯಾರದವರು.

"ಅಣ್ಣಾ, ಎಂತೆಂಥಾ ತಲೆ ಒಣಗಿಸಿದ್ದೀನಿ! ಇದ್ಯಾವ ಲೆಕ್ಕ?"

ಮೆಲ್ಲನೆಯ ಗಾಳಿಯಲ್ಲಿ ಒಂದು ಮರ ಚೆನ್ನಾಗಿಯೇ ಒಣಗಿತು. ಗಡಿಯಾರದವರಿಗೆ ಧೈರ್ಯ ಬಂದು, ಇಸ್ತ್ರಿ ಮಾಡಿದ ಅಂಗಿ ತೊಡಲು ಒಳಗೆ ಹೋದರು.

"ಹೀಗೆ ತೆವಳ್ತಾ ಇದ್ರೆ ಆದ ಹಾಗೇ. ಸ್ವಲ್ಪ ಜೋರು ಮಾಡೋ" ಎಂದರು ಟೀಚರಮ್ಮ.

ಸಲೂನಿನವನು ಗುಂಡಿ ಒತ್ತಿದ. ಭರ್ರೆಂದು ಸದ್ದಾಯಿತು. ವಸಂತವೆಲ್ಲ ಒಟ್ಟಿಗೆ ಎದ್ದು ಹಾರಿತು. ಹೂಗಳು ಬೋಗಿಗಳ ನೆತ್ತಿಗೆ, ಹಳಿಯ ಪಕ್ಕಕ್ಕೆ, ಸುರಂಗದ ಬಾಯಿಗೆ ಹೋಗಿ ಕೂತವು. ಸ್ಟೇಷನ್ ಮಾಸ್ತರರಿಗೆ ಗುಲಾಬಿ ಪೇಟ ಬಂತು. ಕೆಲವು ಗಿರಾಕಿಯ ನೊರೆಗೂ ಅಂಟಿದವು. ಗೋಂದು ಹಸಿಯಾಗಿತ್ತಲ್ಲ, ಹೋಗಿ ಬಿದ್ದಲ್ಲೇ ಭದ್ರವಾಗಿ ನಿಂತವು.

ಅರ್ಧ ಗುಂಡಿ ಹಾಕಿದ ಅಂಗಿಯಲ್ಲಿ ಗಡಿಯಾರದವರು ಓಡಿಬಂದರು. ನೋಡಿದರು. ಬಯ್ಯಲು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ತೀರ್ಪುಗಾರರು ಗಂಟುಮುಖದ ಹಿರಿಯರು. ಮೇಜನ್ನು ಸುತ್ತಿದರು. ಬಗ್ಗಿ ಹಳಿಯ ಮಟ್ಟಕ್ಕೆ ಕಣ್ಣಿಟ್ಟರು. ರೈಲನ್ನು ಒಂದು ಸುತ್ತು ಓಡಿಸಿದರು. ಕೊನೆಗೆ ಚದುರಿದ ಹೂಗಳತ್ತ ಬೆರಳು ತೋರಿಸಿ ಕೇಳಿದರು: "ಇದು ಯಾರ ಕೈಕೆಲಸ?"

ಗಡಿಯಾರದವರ ಮೈ ಉರಿದುಹೋಯಿತು. ಕೂದಲೆಳೆಯಷ್ಟು ಸ್ಪ್ರಿಂಗನ್ನು ಕಣ್ಮುಚ್ಚಿ ಕೂರಿಸುವ ಕೈ ಅವರದು. ಇಂಥ ಅಧ್ವಾನ ತಮ್ಮದೆಂದು ಪರರು ತಿಳಿಯುವುದೇ!

"ನನ್ನದಲ್ಲ ಸಾರ್! ನಾನು ಹೀಗೆಲ್ಲ ಎರಚೋನಲ್ಲ. ಇದರಲ್ಲಿ ನನ್ನ ಕೈ ಎಳ್ಳಷ್ಟೂ ಇಲ್ಲ. ಪೂರ್ತಿ ಇವನದೇ!" ಎಂದು ಪರದೆಯ ಹಿಂದೆ ಅಡಗಿದ್ದ ಸಲೂನಿನವನನ್ನು ಎಳೆದು ನಿಲ್ಲಿಸಿದರು. ಹೆಂಡತಿ ಹಿಂದಿನಿಂದ ಅಂಗಿ ಜಗ್ಗುತ್ತಲೇ ಇದ್ದರು. ಗಡಿಯಾರದವರಿಗೆ ಅದರ ಪರಿವೆಯೇ ಇರಲಿಲ್ಲ. "ಬೇಕಾದ್ರೆ ಟೀಚರಮ್ಮನ್ನ ಕೇಳಿ!"

"ಹೌದು, ಇವನೇ. ನಾನೇ ಹೇಳಿ ಮಾಡಿಸಿದ್ದು" ಎಂದರು ಟೀಚರಮ್ಮ.

ತೀರ್ಪುಗಾರರ ಮುಖದ ಗಂಟು ಸಡಿಲಿತು. ಅವರು ಸಲೂನಿನವನ ಎರಡೂ ಕೈ ಹಿಡಿದುಕೊಂಡರು.

"ಬೆಳಿಗ್ಗೆಯಿಂದ ನೋಡಿದ ಮನೆಗಳಲ್ಲೆಲ್ಲ ವಸಂತ ಅನ್ನೋದು ಹೋಟೆಲಿನ ಪ್ಲಾಸ್ಟಿಕ್ ಹೂವಿನ ಥರ ಕೂತಿತ್ತು. ಇಲ್ಲಿ ಗಾಳಿ ಬೀಸ್ತಾ ಇದೆಯಪ್ಪಾ! ರೈಲು ಬಂದ್ರೆ ಹೂ ಉದುರ್ತಾ ಇದೆ ಅನಿಸುತ್ತೆ. ಮೊದಲ ಬಹುಮಾನ ನಿನ್ನದೇ."

ಕೆಂಪು ರಿಬ್ಬನ್ನಿನ ಪದಕ ಸಲೂನಿನವನ ಏಪ್ರನ್ನಿಗೆ ಏರಿತು.

"ಅಲ್ಲ ಸಾರ್... ಮರಗಳು ನನ್ನವು... ಹುಲ್ಲು, ಹಳಿ, ರೈಲು ಎಲ್ಲಾ..." ಗಡಿಯಾರದವರು ತೊದಲಿದರು.

"ಮರ ಚೆನ್ನಾಗಿವೆ. ಎಲ್ಲರ ಮನೇಲೂ ಚೆನ್ನಾಗಿವೆ" ಎಂದು ತೀರ್ಪುಗಾರರು ಚಪ್ಪಲಿ ಮೆಟ್ಟಿಕೊಂಡರು.

ಗಡಿಯಾರದವರಿಗೆ ಅಳು ಬರುವಂತಾಯಿತು. ಹೆಂಡತಿಗೂ ಪಾಪ ಅನ್ನಿಸದೆ ಇರಲಿಲ್ಲ. ಆದರೂ ಮಾತು ಮಾತೇ. ಆಕೆ ಮೇಜಿಗೆ ಹಾಸುವ ಬಟ್ಟೆಯನ್ನು ಕೊಡವಿ ತಂದರು.

"ಅಣ್ಣಾ, ನನ್ನ ಸಲೂನಲ್ಲಿ ಜಾಗ ಇದೆ. ಕಿಟಕೀಲಿ ಇಟ್ರೆ ಬೀದಿಯೋರೆಲ್ಲ ನೋಡ್ತಾರೆ" ಎಂದ ಸಲೂನಿನವನು. ಬೇರೆ ದಾರಿಯಿರಲಿಲ್ಲ. ಗಡಿಯಾರದವರು ಹಲಗೆಯ ಒಂದು ತುದಿ ಹಿಡಿದರು, ಅವನು ಇನ್ನೊಂದು ತುದಿ ಹಿಡಿದ. ಮೆಟ್ಟಿಲ ಕೆಳಗೆ ಸೇರಿದ್ದ ಜನ "ಆಹಾ, ಎಂಥಾ ವಸಂತ!" ಎಂದು ಬಾಯಿಬಿಟ್ಟರು. ಗಡಿಯಾರದವರ ಎದೆ ತಾನಾಗಿಯೇ ಉಬ್ಬಿತು, ಹೆಜ್ಜೆ ಕೊಂಚ ಜೋರಾಯಿತು.

"ಅಣ್ಣಾ, ಮೆಲ್ಲಗೆ!" ಸಲೂನಿನವನು ಪದಕ ಸರಿಮಾಡಿಕೊಳ್ಳುತ್ತ ಗದರಿದ. "ನನ್ನ ಹೂ ಒಂದೂ ಅಲುಗಬಾರದು!"