ಅಂಗದಾನಕ್ಕೆ ಬಂದ ಅಂಗಿಗಳು

ಆವತ್ತು ಬೆಳಗ್ಗೆ ನಮ್ಮ ಯಜಮಾನರು ನೀಲಿ ಅಂಗಿ ಹಿಡಿದುಕೊಂಡು ಒಲೆ ಹತ್ತಿರ ಬಂದರು.

“ಗುಂಡಿ ಕಿತ್ತೋಗದೆ, ಒಸಿ ಹಾಕ್ಕೊಡಮ್ಮಿ.”

“ರೊಟ್ಟಿ ಸೀದೋಯ್ತದೆ. ನಾಳೆ ಹಾಕ್ತೀನಿ ಬುಡಿ. ಬೇರೇದು ಇಕ್ಕೊಂಡೋಗಿ.”

“ನಿನ್ನ ನಾಳೆ ಯಾವತ್ತು ಬಂದದೆ!” ಅಂತ ನಕ್ಕು, ಬೇರೆ ಅಂಗಿ ತೊಟ್ಟು ಬೈಕ್ ಹತ್ತಿದರು. ಮಂಡ್ಯ ರಸ್ತೆಯಲ್ಲಿ ಬಿದ್ದರು. ಮೆದುಳು ಸತ್ತಿದೆ, ಇನ್ನು ಏಳುವುದಿಲ್ಲ ಅಂದರು ಆಸ್ಪತ್ರೆಯವರು. ಕಣ್ಣು, ಕಿಡ್ನಿ, ಲಿವರ್ ಕೇಳಿದರು. ಕೊಟ್ಟೆ.

“ಗಂಡನ್ನ ಬಿಡಿಬಿಡಿಯಾಗಿ ಮಾರ್ಕೊಂಡ್ಳು” ಅಂದಿತು ಊರು.

ಇಂಥ ಮಾತು ಕೇಳುವ ಮನೆಗಳಿಗೆ ಆಸರೆಯಾಗಲಿ ಅಂತ ಮಂಡ್ಯದಿಂದ ಮದ್ದೂರು ಮೇಲೆ ಮಳವಳ್ಳಿಗೆ ಕಾಲ್ನಡಿಗೆ ಇದೆ ಅಂತ ಆಸ್ಪತ್ರೆಯ ನರ್ಸಮ್ಮ ಶೋಭಿತಾ ಹೇಳಿದ್ದೇ ತಡ, ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

“ಕೊಡೋದ್ರಲ್ಲಿ ಈ ನಾಗರತ್ನನ್ನ ಮೀರ್ಸೋರು ಯಾರವ್ರೆ? ಬಾವುಟ ನಂಗೇ ಕೊಡಿ!”

ದಂಡನಾಯಕಿಯ ಹಾಗೆ ಮುಂದೆ ಹೊರಟೆ. ಮದ್ದೂರು ಮುಟ್ಟುವಷ್ಟರಲ್ಲಿ ದಂಡನಾಯಕಿಯ ಹಿಮ್ಮಡಿ ತುಂಬ ಬೊಬ್ಬೆ!

ಮದ್ದೂರಿನ ಆಚೆ ನನ್ನ ನಾದಿನಿ ಯಶೋದಮ್ಮನ ಊರು. ಊಟ ಅಲ್ಲೇ. “ಅಂಗದಾನದೋರು ಬತ್ತಾವ್ರೆ, ಊರೋರ್ಗೆಲ್ಲ ಯೋಳು” ಅಂತ ಮೊದಲೇ ಫೋನು ಮಾಡಿದ್ದೆ. ಮಾಡಿದ್ದು ಮಂಡ್ಯಕ್ಕೆ ಬರುವ ಬಸ್ಸಿನ ಗಲಾಟೆಯಲ್ಲಿ. ಅವಳ ಕಿವಿಗೆ ಬಿದ್ದದ್ದು ಅಂಗಿದಾನ!

ಹೋಗಿ ನೋಡಿದರೆ ಹಾಲಿನ ಡೈರಿ ಜಗುಲಿ ಮೇಲೆ ಅಂಗಿಯ ಗುಡ್ಡ! ಕಾಲರ್ ಸವೆದದ್ದು, ಮದುವೆಯ ರೇಷ್ಮೆಯದು, ಯಾರದೋ ಪೊಲೀಸ್ ಖಾಕಿ ಕೂಡ.

“ಅಂಗಿ ಅಲ್ಲಮ್ಮ, ಅಂಗ. ಕಣ್ಣು, ಕಿಡ್ನಿ...” ಅಂದಳು ಶೋಭಿತಾ, ಮೆತ್ತಗೆ.

“ಅಯ್ಯೋ ಸಿವ್ನೇ!” ಯಶೋದಮ್ಮ ತಲೆ ಚಚ್ಚಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಕರಿಯಯ್ಯ ಬರಿಮೈಯಲ್ಲಿ ಓಡಿಬಂದ. “ನಮ್ಮವ್ಳು ಇದ್ದಬದ್ದದ್ನೆಲ್ಲ ತಂದು ಸುರುದವ್ಳೆ! ನನ್ನ ಅಂಗಿ ಕೊಡ್ರವ್ವ, ಬೇಕಾರೆ ಕಿಡ್ನಿ ತಕ್ಕಳಿ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಯಜಮಾನರು ಹೋದ ಮೇಲೆ ಅದೇ ಮೊದಲು.

ಯಶೋದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು: “ಅತ್ಗೆ, ಎಲ್ರುದೂ ಬಂತು. ನಮ್ಮಣ್ಣಂದೆಲ್ಲಿ?”

ಇತ್ತು. ಆವತ್ತಿನಿಂದ ನನ್ನ ಚೀಲದಲ್ಲೇ ಇತ್ತು, ಗುಂಡಿ ಕಿತ್ತ ಆ ನೀಲಿ ಅಂಗಿ. ಹೊರಗೆ ತೆಗೆದೆ. ಗುಡ್ಡದ ಮೇಲೆ ಇಟ್ಟೆ. ಕೈ ಬಿಡಲಿಲ್ಲ.

“ಬುಡು, ಅತ್ಗೆ.”

“ಬುಡಾಕಿಲ್ಲ.”

“ಕೊಡೋದ್ರಲ್ಲಿ ನಿನ್ನ ಮೀರ್ಸೋರೇ ಇಲ್ಲ ಅಂತಿದ್ದೆ?”

“ಬಾವುಟ ಬೇಕಾರೆ ತಕೋ!”

ತಗೊಂಡಳು. ಮಳವಳ್ಳಿವರೆಗೆ ಅವಳೇ ಮುಂದೆ. ದಂಡನಾಯಕಿ ಅಂಗಿ ಅವುಚಿಕೊಂಡು, ಕುಂಟುತ್ತಾ, ಎಲ್ಲರಿಗಿಂತ ಹಿಂದೆ.

ಈಗ ದಿನಾ ಬೆಳಗ್ಗೆ ಎದ್ದು ಮೊದಲು ಆ ಅಂಗಿಗೆ ಗುಂಡಿ ಹಾಕುತ್ತೇನೆ. ರೊಟ್ಟಿ ಆಮೇಲೆ. ಸಂಜೆ ಅದೇ ಗುಂಡಿ ಕಿತ್ತಿಡುತ್ತೇನೆ. ನಾಳೆಗೆ ಬೇಕಲ್ಲ.