ಉರಿಯುವ ವಿಭೂತಿಯ ದೂರು

ಹಣೆಗೆ ಹಚ್ಚಿದ ವಿಭೂತಿ ಉರಿಯಬಾರದು ಎಂಬ ನಿಯಮ ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲ. ಇದು ೧೯೭೩ರಲ್ಲಿ ನಾಸಿಕದ ವ್ಯಾಪಾರ ನಿಯಮನ ಕಚೇರಿಯಲ್ಲಿ ಸಾಬೀತಾದ ಸಂಗತಿ.

ನಾಸಿಕದ ಬಳಿಯ ಓಝರ್ ವಿಮಾನ ಕಾರ್ಖಾನೆಯ ಫಿಟ್ಟರ್ ಮನ್ಮಥಪ್ಪ ಬೀದರ ಕಡೆಯವನು. ಮುಂಜಾನೆ ಮಿಂದು, ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಲಿಂಗಪೂಜೆ ಮುಗಿಸದೆ ಬಾಯಿಗೆ ಏನೂ ಹಾಕುವವನಲ್ಲ. ಕಾರ್ಖಾನೆಯ ಕಾಲನಿಯ ಪೇಟೆಯಲ್ಲಿ ವಿಭೂತಿ ಮಾರುವವರು ಇಬ್ಬರು, ಶಿವರಾಯ ಮತ್ತು ಜಯರಾಮ. ಆ ವರ್ಷ ಇಬ್ಬರೂ ಬೂದಿಯೊಳಗೆ ಸುಣ್ಣ ಬೆರೆಸತೊಡಗಿದರು. ವಿಭೂತಿ ಬೆಳ್ಳಗಾಯಿತು, ಮನ್ಮಥಪ್ಪನ ಹಣೆ ಕೆಂಪಾಯಿತು. ಹಚ್ಚಿದರೆ ಉರಿ, ಹಚ್ಚದಿದ್ದರೆ ಉಪವಾಸ. ಎರಡು ದಿನ ಉಪವಾಸವಿದ್ದ. ಮೂರನೆಯ ದಿನ ಹೆಂಡತಿ ಸಂಗಮ್ಮ ಅವನನ್ನು ಕರೆದುಕೊಂಡು ನಾಸಿಕದ ಬಸ್ಸು ಹತ್ತಿದಳು.

ಕಚೇರಿಯಲ್ಲಿ ಎರಡು ಮೇಜು. ಒಂದು ಪೈಪೋಟಿಯನ್ನು ಕಾಯುತ್ತದೆ, ಇನ್ನೊಂದು ಗ್ರಾಹಕರನ್ನು. ನಡುವೆ ಒಂದು ಕಪಾಟು. ಪೈಪೋಟಿ ಮೇಜಿನ ಸದಾನಂದರು ಧಾರವಾಡದವರಾದ್ದರಿಂದ ನ್ಯಾಯ ಕನ್ನಡದಲ್ಲೇ ದೊರೆಯಿತು.

"ಎರಡೂ ಅಂಗಡೀದು ಉರೀತಾವೇನ್ರಿ?"

"ಉರೀತಾವ್ರಿ ಸಾಹೇಬ್ರ."

"ಸಮ ಉರೀತಾವೋ, ಹೆಚ್ಚು ಕಡಿಮೀನೋ?"

ಮನ್ಮಥಪ್ಪ ಸುಳ್ಳು ಹೇಳುವವನಲ್ಲ. ಹಣೆ ಮುಟ್ಟಿಕೊಂಡು ನೋಡಿ, "ಸಮನ ಅದಾವ್ರಿ" ಎಂದ.

"ಅಂದ್ರ ಒಳಒಪ್ಪಂದ!" ಸದಾನಂದರು ಸಂತೋಷದಿಂದ ಫೈಲು ತೆರೆದರು.

"ಒಪ್ಪಂದ ಇರ್ಲಿ ಬಿಡ್ರೀ ಅಣ್ಣಾರ," ಎಂದಳು ಸಂಗಮ್ಮ. "ಮೊದಲು ಸುಣ್ಣ ಬಿಡಸ್ರಿ."

"ಸುಣ್ಣ ಆ ಮೇಜಿಂದು ತಂಗೀ."

ಆ ಮೇಜಿನ ಸುಶೀಲಾಬಾಯಿ ತಲೆ ಎತ್ತಲಿಲ್ಲ. ಪೈಪೋಟಿ ಸರಿಹೋದರೆ ಗ್ರಾಹಕನ ರಕ್ಷಣೆ ತಾನಾಗಿಯೇ ಆಗುತ್ತದೆಂದು ಮರಾಠಿಯಲ್ಲಿ ತಿಳಿಸಿ, ಸ್ವೆಟರಿನ ಹೆಣಿಗೆ ಮುಂದುವರಿಸಿದರು.

"ಅಲ್ಲೀತನಕ ಇವರು ಉಣ್ಣೂದು ಹ್ಯಾಂಗ್ರಿ?"

"ಇವತ್ತು ಹಚ್ಯಾರಲ್ಲ?" ಎಂದರು ಸದಾನಂದರು.

"ಇದು ನನ್ನ ಉಪಾಸ ನೋಡಿ ನಮ್ಮ ಓಣಿ ನಾಗಮ್ಮಾಯಿ ಇವತ್ತ ಕೊಟ್ಟದ್ರಿ," ಎಂದ ಮನ್ಮಥಪ್ಪ. "ತನ್ನ ಆಕಳ ಸಗಣಿ ಸುಟ್ಟು ಮಾಡ್ತಾಳ. ಉರಿಯಂಗಿಲ್ಲ. ಪುಕ್ಕಟೆ ಕೊಡ್ತಾಳ್ರಿ."

ಸದಾನಂದರ ಪೆನ್ನು ನಿಂತಿತು. "ಪುಕ್ಕಟೆ?"

ಹದಿನೈದು ದಿನಕ್ಕೆ ಆದೇಶ ಬಂತು. ಸದರಿ ವರ್ತಕರು ಇನ್ನು ಮುಂದೆ ಸಮಾನವಾಗಿ ಉರಿಸತಕ್ಕದ್ದಲ್ಲ. ಉರಿಯಲ್ಲಿ ನ್ಯಾಯಯುತ ಪೈಪೋಟಿ ನಡೆಸತಕ್ಕದ್ದು. ನಾಗಮ್ಮ ಎಂಬವರು ಉರಿಯದ ವಿಭೂತಿಯನ್ನು ಬೆಲೆಯಿಲ್ಲದೆ ಹಂಚಿ ಸದರಿ ಪೈಪೋಟಿಗೆ ಧಕ್ಕೆ ತಂದಿರುವುದರಿಂದ ಅವರ ಒಲೆಗೆ ಮೊಹರು ಹಾಕತಕ್ಕದ್ದು.

ಮೊಹರು ಹಾಕಲು ಬಂದ ಜವಾನನಿಗೆ ನಾಗಮ್ಮ ಮಜ್ಜಿಗೆ ಕೊಟ್ಟಳು. "ಬೂದಿ ಕೊಟ್ಟದ್ದಕ್ಕ ಇಷ್ಟು ಸಿಟ್ಟೇನಪಾ?"

"ಕೊಟ್ಟದ್ದಕ್ಕಲ್ಲ ಆಯಿ, ಮಾರಲಿಲ್ಲ ಅಂತ."

ಮಜ್ಜಿಗೆಯೂ ಪುಕ್ಕಟೆಯೇ ಆಗಿತ್ತು. ಆ ವಿಷಯ ವರದಿಯಲ್ಲಿಲ್ಲ.

ಅಂಗಡಿಯವರು ಆದೇಶವನ್ನು ಶಿರಸಾವಹಿಸಿದರು. ಶಿವರಾಯನ ವಿಭೂತಿ ಹಚ್ಚಿದ ಕೂಡಲೇ ಉರಿಯಿತು, ಜಯರಾಮನದು ಒಂದು ತಾಸಿನ ನಂತರ. "ಪೂಜೆ, ಊಟ ಸುಖವಾಗಿ ಮುಗಿಯುತ್ತವೆ" ಎಂದು ಜಯರಾಮ ಹಲಗೆ ಬರೆಸಿದ. ಸಂಗಮ್ಮ ಪುನಃ ಸುಶೀಲಾಬಾಯಿಯ ಮೇಜಿಗೆ ಹೋದಳು. ಆಯ್ಕೆ ಇರುವ ಕಡೆ ಗ್ರಾಹಕನಿಗೆ ಅನ್ಯಾಯ ಆಗಲಾರದೆಂದು ಉತ್ತರ ಬಂತು. ಸ್ವೆಟರು ಮುಗಿಯುತ್ತ ಬಂದಿತ್ತು.

ಔರಂಗಾಬಾದಿನ ಮೇಲಧಿಕಾರಿಗಳಿಗೆ ಅರ್ಜಿ ಹೋಯಿತು. ಅಲ್ಲಿಂದ ಕರೆ ಬರುವುದಕ್ಕೆ ಎಂಟು ತಿಂಗಳು ಬೇಕಾದವು. ಅಷ್ಟೂ ದಿನ ಮನ್ಮಥಪ್ಪ ಜಯರಾಮನದನ್ನೇ ಹಚ್ಚಿದ. ಅಲ್ಲಿಯ ಸಾಹೇಬರು ಅವನ ಹಣೆಯನ್ನು ಬೆಳಕಿಗೆ ಹಿಡಿದು, ಅಳತೆಪಟ್ಟಿಯಿಟ್ಟು ನೋಡಿದರು. ಮೂರು ಗೆರೆಗಳು ಚರ್ಮದಲ್ಲೇ ಸುಟ್ಟು ನಿಂತಿದ್ದವು, ತೊಳೆದರೂ ಹೋಗುತ್ತಿರಲಿಲ್ಲ. ದೂರುದಾರನಿಗೆ ಇನ್ನು ವಿಭೂತಿ ಕೊಳ್ಳುವ ಅಗತ್ಯವಿಲ್ಲ, ಕೊಳ್ಳದವನು ಗ್ರಾಹಕನಲ್ಲ, ಗ್ರಾಹಕನಲ್ಲದವನ ದೂರು ದೂರಲ್ಲ ಎಂದು ಬರೆದುಕೊಟ್ಟು ಕಳಿಸಿದರು.

ಬಸ್‌ಸ್ಟ್ಯಾಂಡಿನಲ್ಲಿ ಸಂಗಮ್ಮ ರೊಟ್ಟಿ ಗಂಟು ಬಿಚ್ಚಿದಳು. ಮನ್ಮಥಪ್ಪ ಹಣೆ ಮುಟ್ಟಿಕೊಂಡ. ಮೂರೂ ಇದ್ದವು. ಶಿವಾ ಎಂದು, ಬಹಳ ದಿನದ ಮೇಲೆ ಉರಿಯ ಭಯವಿಲ್ಲದೆ ಹೊಟ್ಟೆತುಂಬ ಉಂಡ.

ಅದೇ ಬಸ್ಸಿಗೆ ಕಾಯುತ್ತ ಪಕ್ಕದಲ್ಲಿ ಕುಳಿತಿದ್ದ ಕಾಲನಿಯ ಹಿರಿಯರೊಬ್ಬರು ಬಗ್ಗಿ ನೋಡಿದರು. "ಏನು ಚಂದ ಮೂಡ್ಯಾವ್ರೀ! ಯಾವ ಅಂಗಡೀದು?"

ಮನ್ಮಥಪ್ಪ ಸುಳ್ಳು ಹೇಳುವವನಲ್ಲ. "ಜಯರಾಮಂದ್ರಿ" ಎಂದ.

ಮುಂದಿನ ಸೋಮವಾರ ಜಯರಾಮನ ಅಂಗಡಿಯ ಮುಂದೆ ಭಕ್ತರ ಸಾಲು ನೀರಿನ ಟಾಕಿಯವರೆಗೆ ನಿಂತಿತ್ತು. ಶಿವರಾಯ ತನಗೆ ಅನ್ಯಾಯವಾಯಿತೆಂದು ನಾಸಿಕಕ್ಕೆ ಹೋದ. ಸದಾನಂದರು ಸಂತೋಷದಿಂದ ಫೈಲು ತೆರೆದರು.